ಹದಿನೈದು ದಿನದ ಮಾತ್ರೆ

ಬೆನ್ನು ನೋವು ನಮ್ಮ ಸಾಫ್ಟ್‌ವೇರ್ ಮಂದಿಗೆ ಹೊಸದೇನಲ್ಲ ಬಿಡಿ. ಆದರೆ ಸಯಾಟಿಕಾ ಅಂದ್ರೆ ಬೆನ್ನಿಗಿಂತ ಹೆಚ್ಚಾಗಿ ಕಾಲಿನ ನೋವು! ಸೊಂಟದಿಂದ ಹೊರಟು, ತೊಡೆಯ ಹಿಂಬದಿ, ಮೀನಖಂಡ ಎಲ್ಲಾ ಹಾದು ಕಿರುಬೆರಳಿನ ತನಕ ಕರೆಂಟು ಹೊಡೆದ ಹಾಗೆ. ಸೀನಿದರೂ ಜೀವ ಹೋಗುತ್ತೆ. ನನಗಿದು ಶುರುವಾಗಿ ಎರಡು ತಿಂಗಳಾಯ್ತು. ಬೆನ್ನುಮೂಳೆಯ ಕೊನೆಯ ಡಿಸ್ಕ್ ಜಾರಿ ನರದ ಬುಡವನ್ನು ಒತ್ತುತ್ತಿದೆ ಅಂತ ಸ್ಕ್ಯಾನಿಂಗ್‌ನಲ್ಲಿ ಗೊತ್ತಾಯ್ತು.

ಡಾಕ್ಟರು ಬರೆದದ್ದು ಪ್ರೆಡ್ನಿಸೊಲೋನ್. ಐದು ದಿನ 60 ಮಿ.ಗ್ರಾಂ., ಐದು ದಿನ 40, ಆಮೇಲೆ ಐದು ದಿನ 20. ಒತ್ತಡದ ಜೊತೆಗೆ ನರದ ಸುತ್ತ ಉರಿಯೂತವೂ ಇರುತ್ತಂತೆ, ಸ್ಟೀರಾಯ್ಡ್ ಅದನ್ನು ತಗ್ಗಿಸಲಿ ಅನ್ನೋ ಲೆಕ್ಕಾಚಾರ. ಅಮ್ಮನಿಗೆ ಫೋನಿನಲ್ಲಿ ಹೇಳಿದ್ದೇ ತಡ, "ಸ್ಟೀರಾಯ್ಡ್ ಬೇಡ್ವೋ, ಮುಖ ಊದತ್ತೆ. ಊರಿಗೆ ಬಾ, ಲಕ್ಕಿ ಸೊಪ್ಪಿನ ಬಿಸಿನೀರು ಹಾಕ್ತೀನಿ" ಅಂದಳು.

ನನಗಿದ್ದ ಭಯ ಒಂದೇ, ಆಪರೇಷನ್ನು. "ಇದನ್ನ ತಗೊಂಡ್ರೆ ಆಪರೇಷನ್ ತಪ್ಪುತ್ತಾ ಸಾರ್?" ಅಂತ ಕೇಳಿದೆ. "ಹಾಗಂತ ಹೇಳಕ್ಕಾಗಲ್ಲ" ಅಂದರು.

ಸುಮ್ಮನಿರಲಾರದೆ ಹುಡುಕಿದೆ. 2015ರಲ್ಲಿ 'ಜಾಮಾ' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಸಿಕ್ಕಿತು. ಕ್ಯಾಲಿಫೋರ್ನಿಯಾದಲ್ಲಿ ನನ್ನಂಥದೇ ಡಿಸ್ಕ್ ಇದ್ದ 269 ಮಂದಿ, ಕೆಲವರಿಗೆ ಪ್ರೆಡ್ನಿಸೋನ್ (ನಮ್ಮ ಲಿವರ್ ಅದನ್ನು ಪ್ರೆಡ್ನಿಸೊಲೋನ್ ಮಾಡಿಕೊಳ್ಳುತ್ತೆ), ಉಳಿದವರಿಗೆ ಉತ್ತುತ್ತಿ ಮಾತ್ರೆ. ಡೋಸು ನನ್ನದೇ, 60-40-20! ಮೂರು ವಾರದ ನಂತರ ನೋಡಿದರೆ ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಕೂರುವುದು, ನಡೆಯುವುದು, ಬಟ್ಟೆ ಹಾಕಿಕೊಳ್ಳುವುದು ಇಂಥವಕ್ಕೆ ನೂರು ಅಂಕದ ಒಂದು ಅಳತೆ ಇದೆ, ಅದರಲ್ಲಿ ಆರು ಅಂಕದಷ್ಟು ಹೆಚ್ಚು ಸುಧಾರಣೆ. ವರ್ಷದೊಳಗೆ ಆಪರೇಷನ್ ಆದವರ ಪ್ರಮಾಣ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ. ಅಡ್ಡಪರಿಣಾಮ ಮಾತ್ರ ಮಾತ್ರೆ ತಿಂದವರಲ್ಲಿ ಅರ್ಧಕ್ಕರ್ಧ ಮಂದಿಗೆ, ತಿನ್ನದವರಲ್ಲಿ ಕಾಲು ಭಾಗಕ್ಕೆ.

ಓದಿದ ಮೇಲೂ ತಗೊಂಡೆ. ಹತ್ತು ನಿಮಿಷ ಕುರ್ಚಿಯಲ್ಲಿ ಕೂರಲಾಗದವನಿಗೆ ಆರು ಅಂಕ ಸಣ್ಣದಲ್ಲ ನೋಡಿ.

ಮೊದಲ ವಾರ ನಿದ್ದೆಯೇ ಇಲ್ಲ. ಬೆಳಿಗ್ಗೆ ತಿಂಡಿ ಆದ ಮೇಲೇ ನುಂಗಿದರೂ ರಾತ್ರಿ ಮೂರಕ್ಕೆ ಕಣ್ಣು ಬಿಟ್ಟುಕೊಂಡು ಫ್ಯಾನ್ ನೋಡುತ್ತಾ ಮಲಗಿರುತ್ತಿದ್ದೆ. ಹಸಿವು ಕೇಳಲೇಬೇಡಿ, ಎಂಟು ಇಡ್ಲಿ ತಿಂದು ಇನ್ನೂ ಇದೆಯಾ ಅಂತ ಪಾತ್ರೆ ಇಣುಕುವಷ್ಟು! (ಈ ಒಂದು ಸುದ್ದಿಗೆ ಅಮ್ಮ ಖುಷಿಪಟ್ಟಳು.) ನೋವು ಇದ್ದ ಹಾಗೇ ಇತ್ತು. ಹನ್ನೆರಡನೇ ದಿನ ಮಾತ್ರ ಯಾರ ಸಹಾಯವೂ ಇಲ್ಲದೆ ಸಾಕ್ಸ್ ಹಾಕಿಕೊಂಡೆ. ಮಾತ್ರೆಯಿಂದಲೋ, ದಿನ ಕಳೆದದ್ದರಿಂದಲೋ ದೇವರಿಗೇ ಗೊತ್ತು. ಎಷ್ಟೋ ಜನರಿಗೆ ಇದು ವಾರಗಳಲ್ಲಿ ತಾನಾಗೇ ಇಳಿಯುತ್ತೆ.

ಇದನ್ನು ಓದಿ ಮೆಡಿಕಲ್ ಶಾಪಿಗೆ ಹೊರಟುಬಿಡಬೇಡಿ ಮತ್ತೆ. ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಸಕ್ಕರೆ ಏರಿಸುತ್ತೆ. ಕಾಲಿನ ನೋವಿನ ಜೊತೆ ಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿಯಲ್ಲಿ ಸ್ಪರ್ಶ ಹೋದರೆ ಮಾತ್ರೆ ಗೀತ್ರೆ ಅಂತ ಕೂರದೆ ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು.

ಮುಂದಿನ ವಾರ ಸರ್ಜನ್ ಹತ್ತಿರ ಹೋಗಬೇಕು. ಈಗ ಅರ್ಧ ಗಂಟೆ ಕೂರುತ್ತೇನೆ, ಕಿರುಬೆರಳು ಇನ್ನೂ ಜೋಮು. ಅಮ್ಮ ಬಸ್ಸಿನಲ್ಲಿ ಒಂದು ಚೀಲ ಲಕ್ಕಿ ಸೊಪ್ಪು ಕಳಿಸಿದ್ದಾಳೆ, ನೀರು ಕಾಯಕ್ಕಿಟ್ಟಿದ್ದೀನಿ.