ಮರಳಿನ ದ್ವೀಪಕ್ಕೆ ಹೊರಡುವ ಮುನ್ನ

ಮರಳು ಎಂದೊಡನೆ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಒಂಟೆ, ಖರ್ಜೂರದ ಮರ, ಸುಡುಬಿಸಿಲು, ಹನಿ ನೀರಿಗಾಗಿ ಪರದಾಟ. ಆದರೆ ಬರೀ ಮರಳಿನ ಮೇಲೆಯೇ ಮುಗಿಲೆತ್ತರದ ಮಳೆಕಾಡು ಬೆಳೆದು ನಿಂತ, ಸಿಹಿನೀರಿನ ಕೆರೆಗಳಿಂದ ತುಂಬಿದ ದ್ವೀಪವೊಂದು ಅಲ್ಲಾಹನ ಈ ಭೂಮಿಯ ಮೇಲಿದೆ ಎಂದರೆ ನಂಬುವಿರಾ?

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಕರಾವಳಿಯಲ್ಲಿರುವ ಆ ದ್ವೀಪದ ಹೆಸರು ಗರಿ. ಸುಮಾರು 120 ಕಿಲೋಮೀಟರ್ ಉದ್ದದ ಇದು ಜಗತ್ತಿನ ಅತಿ ದೊಡ್ಡ ಮರಳಿನ ದ್ವೀಪ. 1992ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬಹುಕಾಲ ಫ್ರೇಸರ್ ದ್ವೀಪ ಎಂದು ಕರೆಯಲ್ಪಡುತ್ತಿದ್ದ ಇದಕ್ಕೆ 2023ರಲ್ಲಿ ಅಲ್ಲಿನ ಮೂಲನಿವಾಸಿಗಳಾದ ಬುಚುಲ್ಲಾ ಜನರ ಹಳೆಯ ಹೆಸರನ್ನೇ ಮರಳಿ ಇಡಲಾಯಿತು. ಅವರ ಭಾಷೆಯಲ್ಲಿ ಗರಿ ಎಂದರೆ ಸ್ವರ್ಗ.

ನಮ್ಮೂರಿನ ಎಷ್ಟೋ ಮನೆಗಳ ಮಕ್ಕಳು ಇಂದು ಆಸ್ಟ್ರೇಲಿಯಾದಲ್ಲಿ ಓದುತ್ತಿದ್ದಾರೆ, ದುಡಿಯುತ್ತಿದ್ದಾರೆ. "ಉಮ್ಮಾ, ಈ ರಜೆಗೆ ನೀವು ಬನ್ನಿ. ದ್ವೀಪಕ್ಕೆ ಹೋಗಿ ಡೇರೆ ಹಾಕೋಣ" ಎಂದು ಮಗಳು ಫೋನಿನಲ್ಲಿ ಹೇಳಿದರೆ ಹೆದರಬೇಡಿ. ಆದರೆ ಸಿದ್ಧತೆಯಿಲ್ಲದೆ ಹೊರಡಲೂ ಬೇಡಿ.

ದಾರಿ ಮತ್ತು ಗಂಟುಮೂಟೆ

ಹರ್ವಿ ಬೇ ಸಮೀಪದ ರಿವರ್ ಹೆಡ್ಸ್‌ನಿಂದ ಅಥವಾ ದಕ್ಷಿಣದ ಇನ್‌ಸ್ಕಿಪ್ ಪಾಯಿಂಟ್‌ನಿಂದ ವಾಹನ ಸಾಗಿಸುವ ದೋಣಿಯಲ್ಲಿ ದ್ವೀಪ ತಲುಪಬೇಕು. ಅಲ್ಲಿ ಡಾಂಬರು ರಸ್ತೆಯ ಮಾತಿಲ್ಲ. ನಾಲ್ಕೂ ಚಕ್ರಗಳಿಗೆ ಎಂಜಿನ್ ಬಲ ಸಿಗುವ ವಾಹನ ಬೇಕೇ ಬೇಕು. ಪೂರ್ವದ ಉದ್ದನೆಯ ಕಡಲತೀರವೇ ಹೆದ್ದಾರಿ. ಭರತದ ಹೊತ್ತಿಗೆ ಆ ಹೆದ್ದಾರಿ ಸಮುದ್ರದ ಪಾಲು! ಆದ್ದರಿಂದ ಉಬ್ಬರವಿಳಿತದ ವೇಳಾಪಟ್ಟಿ ನೋಡದೆ ವಾಹನ ಹೊರಡಿಸುವಂತಿಲ್ಲ. ಬೆನ್ನಿಗೆ ಚೀಲ ಹೊತ್ತು ನಡೆಯುವ ಯುವಜನರಿಗಾಗಿ ಡಿಲ್ಲಿ ವಿಲೇಜ್‌ನಿಂದ ಹ್ಯಾಪಿ ವ್ಯಾಲಿಯವರೆಗೆ ಸುಮಾರು 90 ಕಿಲೋಮೀಟರ್‌ನ ಕಾಲುದಾರಿಯೂ ಇದೆ. ವಾಹನಕ್ಕೂ ಡೇರೆಗೂ ಮೊದಲೇ ಪರವಾನಗಿ ಪಡೆದಿರಬೇಕು.

ಅಂಗಡಿಗಳು ವಿರಳ, ಬೆಲೆ ದುಬಾರಿ. ಹಲಾಲ್ ಮಾಂಸ ಸಿಗಬಹುದೆಂದು ನೆಚ್ಚಿಕೊಂಡು ಹೋಗಬೇಡಿ. ಅವಲಕ್ಕಿ, ಅಕ್ಕಿ, ಬೇಳೆ, ಖರ್ಜೂರ, ಚಹಾಪುಡಿ, ಕುಡಿಯುವ ನೀರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಟಾರ್ಚ್ ಎಲ್ಲವೂ ನಿಮ್ಮೊಡನೆ ಇರಲಿ. ಒಂದು ಕಸದ ಚೀಲವನ್ನೂ ಮರೆಯದಿರಿ. ಕೊಂಡೊಯ್ದ ಕಸವನ್ನು ನೀವೇ ಮರಳಿ ತರಬೇಕು.

ಮರಳಿನ ಮೇಲೆ ನಿಂತ ನೀರು

ಮರಳು ನೀರನ್ನು ಹೀರುತ್ತದೆ. ಹಾಗಿದ್ದರೆ ಮರಳ ದಿಬ್ಬದ ಮೇಲೆ ಕೆರೆ ನಿಲ್ಲುವುದು ಹೇಗೆ? ಕೊಳೆತ ಎಲೆಗಳ ಸಾರ ಮರಳಿನ ಕಣಗಳನ್ನು ಅಂಟಿಸಿ, ಕಾಲಕ್ರಮೇಣ ಬಟ್ಟಲಿನಂತಹ ಗಟ್ಟಿ ತಳ ಮಾಡಿದೆ. ಅದರಲ್ಲಿ ಮಳೆನೀರು ನಿಂತಿದೆ. ಬೂರಂಗೂರಾ ಎಂಬ ಕೆರೆಯ ನೀಲಿ ನೀರು, ಸಕ್ಕರೆಯಂತಹ ಬಿಳಿ ಮರಳು ನೋಡಿದವರ ಬಾಯಿಂದ ತಾನಾಗಿಯೇ 'ಸುಬ್‌ಹಾನಲ್ಲಾಹ್' ಹೊರಡುತ್ತದೆ. ಇಷ್ಟೊಂದು ಮರಳಿದ್ದರೂ ಇಲ್ಲಿ ತಯಮ್ಮುಮ್‌ಗೆ ಅವಕಾಶವೇ ಬಾರದಷ್ಟು ನೀರಿನ ಸಮೃದ್ಧಿ!

ಆದರೆ ಆ ನೀರು ಬಹು ನಾಜೂಕು. ಸೋಪು, ಶಾಂಪೂ, ಮೈಗೆ ಹಚ್ಚಿದ ಕ್ರೀಮು ಕೆರೆಗೆ ಸೇರಬಾರದು. ಈಜಬಯಸುವ ಸಹೋದರಿಯರಿಗೆ ಮೈಮುಚ್ಚುವ ಉಡುಪಿನ ಚಿಂತೆ ಬೇಡ. ಬುರ್ಕಿನಿಯನ್ನು ರೂಪಿಸಿದವರೇ ಆಸ್ಟ್ರೇಲಿಯಾದ ಮುಸ್ಲಿಮ್ ಮಹಿಳೆ ಅಹೆದಾ ಝನೆಟ್ಟಿ. ಈಜು ಕೆರೆಯಲ್ಲಿರಲಿ, ಸಮುದ್ರದಲ್ಲಿ ಬೇಡ. ಅಲ್ಲಿ ಶಾರ್ಕ್‌ಗಳಿವೆ, ಒಳಗೆಳೆಯುವ ಸೆಳೆತವಿದೆ, ಕಾಪಾಡುವ ಕಾವಲುಗಾರರಿಲ್ಲ.

ಕರುಣೆಯ ಇನ್ನೊಂದು ಮುಖ

ಈ ಪ್ರವಾಸದ ದೊಡ್ಡ ಪರೀಕ್ಷೆ ಡಿಂಗೋ. ನಾಯಿಯಂತೆಯೇ ಕಾಣುವ ಈ ಕಾಡುಪ್ರಾಣಿ ತೆಳ್ಳಗಿರುತ್ತದೆ. ಡೇರೆಯ ಬಳಿ ಬಂದು ನಿಂತರೆ "ಪಾಪ, ಹಸಿದಿದೆ" ಎಂದು ಮನಸ್ಸು ಕರಗುತ್ತದೆ. ಬಾಯಾರಿದ ನಾಯಿಗೆ ನೀರು ಕೊಟ್ಟವರಿಗೆ ಅಲ್ಲಾಹನ ಕ್ಷಮೆ ದೊರೆತ ವಿಷಯವನ್ನು ಪ್ರವಾದಿಯವರಿಂದ(ಸ) ಕಲಿತ ನಮಗೆ ರೊಟ್ಟಿಯ ತುಂಡೊಂದನ್ನು ಎಸೆಯಬೇಕೆನಿಸುವುದು ಸಹಜ.

ಎಸೆಯಬೇಡಿ. ಮನುಷ್ಯರ ಕೈಯ ಅನ್ನದ ರುಚಿ ಕಂಡ ಡಿಂಗೋ ಮನುಷ್ಯರ ಭಯ ಬಿಡುತ್ತದೆ, ಕಿತ್ತುಕೊಳ್ಳತೊಡಗುತ್ತದೆ, ಕಚ್ಚುತ್ತದೆ. 2001ರಲ್ಲಿ ಒಂಬತ್ತು ವರ್ಷದ ಬಾಲಕನೊಬ್ಬ ಇಲ್ಲಿ ಡಿಂಗೋಗಳ ದಾಳಿಗೆ ಬಲಿಯಾದ. ಅದರ ಬೆನ್ನಿಗೇ ಹಲವು ಡಿಂಗೋಗಳನ್ನು ಕೊಲ್ಲಲಾಯಿತು. ಒಂದು ತಾಯಿಯ ಮಡಿಲೂ ಬರಿದಾಯಿತು, ಮೂಕ ಪ್ರಾಣಿಗಳೂ ಪ್ರಾಣ ತೆತ್ತವು. ಇಲ್ಲಿ ತಿನ್ನಿಸುವುದು ದಂಡ ತೆರಬೇಕಾದ ಅಪರಾಧ. ನಮ್ಮ ಕ್ಷಣದ ಸಂತೋಷಕ್ಕಲ್ಲ, ಆ ಜೀವದ ಒಳಿತಿಗಾಗಿ ಕೈ ಹಿಡಿದುಕೊಳ್ಳುವುದೂ ಕರುಣೆಯೇ ಅಲ್ಲವೇ?

ಮಕ್ಕಳಿದ್ದರೆ ಬೇಲಿ ಹಾಕಿದ ಶಿಬಿರದ ಜಾಗವನ್ನೇ ಆರಿಸಿ. ಮಕ್ಕಳು ಸದಾ ಕೈಗೆಟಕುವಷ್ಟು ಹತ್ತಿರವಿರಲಿ. ಡಿಂಗೋ ಎದುರಾದರೆ ಓಡಬೇಡಿ. ನೆಟ್ಟಗೆ ನಿಂತು, ಅದರತ್ತ ಮುಖ ಮಾಡಿಕೊಂಡೇ ನಿಧಾನವಾಗಿ ಹಿಂದೆ ಸರಿಯಿರಿ. ಆಹಾರ ಡೇರೆಯೊಳಗೆ ಬೇಡ. ವಾಹನದಲ್ಲೋ ಭದ್ರವಾದ ಪೆಟ್ಟಿಗೆಯಲ್ಲೋ ಬೀಗ ಹಾಕಿಡಿ.

ನಮಾಝ್‌ನ ಸಮಯದಲ್ಲೂ ಇದು ನೆನಪಿರಲಿ. ಕಿಬ್ಲಾ ಹೆಚ್ಚುಕಡಿಮೆ ಪಶ್ಚಿಮಕ್ಕಿದೆ. ಪ್ರಯಾಣಿಕರಿಗೆ ಕಸ್ರ್‌ನ ರಿಯಾಯಿತಿಯೂ ಇದೆ. ಆದರೆ ಎಲ್ಲರೂ ಒಮ್ಮೆಗೇ ಸುಜೂದ್‌ಗೆ ಹೋಗಿ ಪುಟ್ಟ ಮಕ್ಕಳನ್ನು ಕಾವಲಿಲ್ಲದೆ ಬಿಡಬೇಡಿ. ಸರದಿಯಂತೆ ನಿರ್ವಹಿಸಿ.

ಒಂದು ಕಿಡಿ

2020ರ ಅಕ್ಟೋಬರ್‌ನಲ್ಲಿ ಯಾರೋ ನಿಯಮ ಮೀರಿ ಹಾಕಿದ ಶಿಬಿರದ ಬೆಂಕಿಯೊಂದು ಸರಿಯಾಗಿ ಆರದೆ ಹಬ್ಬಿತು. ವಾರಗಟ್ಟಲೆ ಉರಿದು ದ್ವೀಪದ ಅರ್ಧದಷ್ಟು ಭಾಗವನ್ನು ಸುಟ್ಟಿತು. ಒಂದು ಕೆಟಲ್ ಚಹಾ ಕಾಯಿಸುವ ಸೋಮಾರಿತನ ಸಾವಿರಾರು ವರ್ಷಗಳ ಕಾಡಿಗೆ ಎರವಾಗಬಹುದು. ಗ್ಯಾಸ್ ಒಲೆ ಕೊಂಡೊಯ್ಯಿರಿ. ಅದೇ ಸಾಕು.

ಭೂಮಿಯಲ್ಲಿ ಸಂಚರಿಸಿ ಚಿಂತಿಸಿರೆಂದು ಕುರ್‌ಆನ್ ನಮ್ಮನ್ನು ಕರೆಯುತ್ತದೆ. ಸಂಚರಿಸುವುದು ಸುಲಭ, ಚಿಂತಿಸುವುದು ಕಷ್ಟ. ಡೇರೆ ಮಡಚಿದ ಮೇಲೆ ನೀವು ಮಲಗಿದ್ದ ಜಾಗವನ್ನು ಒಮ್ಮೆ ತಿರುಗಿ ನೋಡಿ. ಅಲ್ಲಿ ನಿಮ್ಮ ಹೆಜ್ಜೆಗುರುತಿನ ಹೊರತು ಬೇರೇನೂ ಉಳಿದಿರದಿದ್ದರೆ, ಅಲ್ಲಾಹನು ಒಪ್ಪಿಸಿದ ಅಮಾನತ್ತನ್ನು ನೀವು ಕಾಪಾಡಿದಿರಿ. ಆ ಹೆಜ್ಜೆಗುರುತನ್ನು ಸಂಜೆಯ ಗಾಳಿ ಅಳಿಸುತ್ತದೆ.