ಹಲ್ಲಿಗೂ ರಜೆ ಕೊಟ್ಟ ಊರು

ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಸುಮಾರು 140 ಕಿಲೋಮೀಟರ್. ಬಿಡದಿಗೆ ತಟ್ಟೆ ಇಡ್ಲಿ, ಚನ್ನಪಟ್ಟಣಕ್ಕೆ ಬೊಂಬೆ, ಮದ್ದೂರಿಗೆ ವಡೆ, ಮೈಸೂರಿಗೆ ಪಾಕ್ ಎಂದು ಮಕ್ಕಳು ಭೂಗೋಳವನ್ನು ನಾಲಿಗೆಯಿಂದಲೇ ಕಲಿಯುವ ಹಾದಿ ಇದು. ಬೇಸಿಗೆ ರಜೆಗೆ ಹೊರಟ ಬೆಂಗಳೂರಿನ ಸಂಸಾರವೊಂದಕ್ಕೆ ಮಾತ್ರ ಇಲ್ಲಿ ಪ್ರತಿ ತಿಂಡಿಯೂ ಒಂದು ಪರೀಕ್ಷೆ. ಆರು ವರ್ಷದ ಮಗಳಿಗೆ ಸೀಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಹೊಟ್ಟೆ ಸೇರಿದರೆ ದೇಹದ ರಕ್ಷಣಾ ವ್ಯವಸ್ಥೆಯೇ ಸಣ್ಣ ಕರುಳಿನ ಒಳಪದರವನ್ನು ಕೆಡಿಸುತ್ತದೆ. ಇದಕ್ಕೆ ಪಥ್ಯವೇ ಮದ್ದು, ಅದೂ ಜೀವನವಿಡೀ. ‘ಗ್ಲುಟೆನ್ ರಹಿತ’ ಎಂದು ಪೊಟ್ಟಣದ ಮೇಲೆ ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂ ಮೀರಬಾರದು ಎಂಬುದು ನಮ್ಮ ದೇಶದ ನಿಯಮ.

ರೈಲಿನಲ್ಲಿ ಎದುರು ಕುಳಿತ ಹಿರಿಯರೊಬ್ಬರು ‘ಮಗು ಒಳ್ಳೇ ಗೋಧಿ ಬಣ್ಣ’ ಎಂದದ್ದೇ ತಡ, ನಾಲ್ಕು ವರ್ಷದ ತಮ್ಮ ತಕರಾರೆತ್ತಿದ: ‘ಅಕ್ಕನಿಗೆ ಗೋಧಿ ಆಗಲ್ಲ ಅಜ್ಜಿ, ಅವಳು ಅಕ್ಕಿ ಬಣ್ಣ!’

ಬಿಡದಿಯ ತಟ್ಟೆ ಇಡ್ಲಿಗೆ ಅಕ್ಕಿ, ಉದ್ದು, ಅಡ್ಡಿಯಿಲ್ಲ. ಸಾಂಬಾರಿನದೇ ಚಿಂತೆ. ಅಂಗಡಿಯ ಇಂಗಿಗೆ ಸಾಮಾನ್ಯವಾಗಿ ಗೋಧಿ ಹಿಟ್ಟನ್ನೋ ಮೈದಾವನ್ನೋ ಬೆರೆಸಿರುತ್ತಾರೆ. ಇದನ್ನು ಕೇಳಿದ ಮಗಳಿಗೆ ಹಳೆಯ ಗಾದೆಯೊಂದರ ಒಗಟು ಬಿಡಿಸಿದಂತಾಯಿತು: ‘ಅದಕ್ಕೇ ಇಂಗು ತಿಂದ ಮಂಗ ಹಾಗೆ ಮುಖ ಮಾಡಿದ್ದು. ಅದಕ್ಕೂ ಸೀಲಿಯಾಕ್ ಇತ್ತು!’

ಮದ್ದೂರು ಬಂದಾಗ ನಗು ಅಡಗಿತು. ಇಲ್ಲಿನ ವಡೆಗೆ ಅಕ್ಕಿ ಹಿಟ್ಟು, ಈರುಳ್ಳಿಯ ಜೊತೆ ರವೆ, ಮೈದಾಗಳೂ ಬೇಕು. ಬೋಗಿಯ ತುಂಬ ಘಮಘಮ. ಹುಡುಗಿ ಕಿಟಕಿಯ ಕಡೆ ತಿರುಗಿದಳು. ತಮ್ಮ ತನ್ನ ವಡೆಯನ್ನು ದೂರದಿಂದಲೇ ಹಿಡಿದು ಕೇಳಿದ: ‘ಅಕ್ಕಾ, ಮೂಸಿ ನೋಡ್ತೀಯಾ? ವಾಸನೆಗೆ ಗ್ಲುಟೆನ್ ಇರಲ್ಲ ಅಲ್ವಾ?’

ಮಂಡ್ಯದ ಹತ್ತಿರದ ಅಜ್ಜಿಯ ಹಳ್ಳಿಯಲ್ಲಿ ಕಥೆಯೇ ಬೇರೆ. ಹಿಂದಿನ ಸಲ ಒಬ್ಬಟ್ಟು ಹಿಡಿದು ‘ಒಂಚೂರು ತಿಂದ್ರೆ ಏನಾಯ್ತದೆ ಮಗಾ’ ಎಂದಿದ್ದ ಅಜ್ಜಿ, ಆ ಒಂಚೂರಿಗೇ ಮೊಮ್ಮಗಳು ನರಳಿದ್ದನ್ನು ಮರೆತಿರಲಿಲ್ಲ. ಗಿರಣಿಯಲ್ಲಿ ಗೋಧಿಯ ಬೆನ್ನಿಗೇ ರಾಗಿ ಹಾಕಿದರೆ ಹಿಟ್ಟು ಬೆರೆಯುತ್ತದೆಂದು ತಿಳಿದು, ಮೂಲೆ ಸೇರಿದ್ದ ಬೀಸುಕಲ್ಲನ್ನು ತೊಳೆದು ಈ ಸಲ ಮನೆಯಲ್ಲೇ ರಾಗಿ ಬೀಸಿದ್ದರು. ಇಂಗಿಲ್ಲದ ಬಸ್ಸಾರು, ಬಿಸಿ ಮುದ್ದೆ. ‘ಅಗೀಬಾರ್ದು, ನುಂಗ್ಬೇಕು’ ಎಂದಾಗ ತಮ್ಮನಿಗೆ ಆಶ್ಚರ್ಯ: ‘ಹಲ್ಲಿಗೂ ರಜೆನಾ?’

ಶಾಲೆಯಲ್ಲಿ ಬೇರೆ ಡಬ್ಬಿ, ಹುಟ್ಟುಹಬ್ಬಗಳಲ್ಲಿ ಬೇರೆ ತಟ್ಟೆ ಎಂದು ರೂಢಿಯಾದ ಹುಡುಗಿಗೆ ಆ ಮಧ್ಯಾಹ್ನ ಎಲ್ಲರ ಊಟವೇ ತನ್ನ ಊಟವೂ ಆಗಿತ್ತು. ರಾಗಿ, ಜೋಳ, ಅಕ್ಕಿ, ನವಣೆಗಳ ನಾಡಿನಲ್ಲಿ ಇಂಥ ಮಕ್ಕಳಿಗೆ ತಿನ್ನಲು ಬೇಕಾದಷ್ಟಿದೆ. ಬೇಕಾದದ್ದು ಬಡಿಸುವವರ ಎಚ್ಚರ. ಪದೇ ಪದೇ ಭೇದಿ, ಹೊಟ್ಟೆಯುಬ್ಬರ, ಕುಂಠಿತ ಬೆಳವಣಿಗೆ, ರಕ್ತಹೀನತೆ ಕಂಡರೆ ತಂದೆತಾಯಿಗಳು ತಾವೇ ಗೋಧಿ ಬಿಡಿಸದೆ ಮೊದಲು ವೈದ್ಯರನ್ನು ಕಾಣಬೇಕು. ಗೋಧಿ ಬಿಟ್ಟ ಮೇಲೆ ರಕ್ತಪರೀಕ್ಷೆಯಲ್ಲಿ ರೋಗ ಸಿಕ್ಕದೇ ಹೋಗಬಹುದು.

ಕೊನೆಯ ನಿಲ್ದಾಣ ಮೈಸೂರು. ಅರಮನೆಯ ಅಡುಗೆಮನೆಯಲ್ಲಿ ಹುಟ್ಟಿತೆನ್ನುವ ಮೈಸೂರು ಪಾಕಿಗೆ ಕಡಲೆ ಹಿಟ್ಟು, ತುಪ್ಪ, ಸಕ್ಕರೆ ಇಷ್ಟೇ. ಅಪ್ಪ ಅಂಗಡಿಯವರನ್ನು ಎರಡೆರಡು ಸಲ ವಿಚಾರಿಸಿ ಕೊಡಿಸಿದರು. ಒಂದು ತುಂಡು ಬಾಯಿಗಿಟ್ಟ ಮಗಳ ಪ್ರಶ್ನೆ: ‘ಅಪ್ಪಾ, ಮಹಾರಾಜರಿಗೂ ಗೋಧಿ ಆಗ್ತಿರ್ಲಿಲ್ವಾ?’