ಆಗಾಗ ಕಡಿಯುವ ಕೊಂಡಿ

ಪೂರ್ತಿ ಕೆಟ್ಟುಹೋದ ಗಡಿಯಾರದೊಡನೆ ಹೇಗೋ ಬಾಳಬಹುದು. ಮನಬಂದಾಗ ನಿಂತು ಮನಬಂದಾಗ ನಡೆಯುವ ಗಡಿಯಾರದೊಡನೆ ಬಾಳುವುದು ಮಾತ್ರ ಬಲು ಕಷ್ಟ. ಈಚೆಗೆ ನಮ್ಮ ಮನೆಯ ರೂಟರು ನನಗೆ ಈ ಸತ್ಯವನ್ನು ಕಲಿಸಿತು.

ನನ್ನ ತಮ್ಮ ಟೊರಾಂಟೊದಲ್ಲಿದ್ದಾನೆ. ಸಂಜೆ ಏಳು ಗಂಟೆಗೆ, ಅಂದರೆ ಅಲ್ಲಿಯ ಬೆಳಗಿನ ಹೊತ್ತಿಗೆ, ಫೋನಿನಲ್ಲಿ ಅವನ ಮುಖ ನೋಡುತ್ತ ಮಾತನಾಡುವುದು ಅಮ್ಮನ ನಿತ್ಯವಿಧಿ. ಸಿಗ್ನಲ್ ಚೆನ್ನಾಗಿರಲೆಂದು ಅವರ ಬೆತ್ತದ ಕುರ್ಚಿಯನ್ನು ರೂಟರಿನ ಕೆಳಗೇ ಗೋಡೆಗೆ ಒತ್ತಿ ಹಾಕಿದವನು ನಾನು. 'ತಿಂಡಿ ಆಯಿತೇನೋ?' ಎಂದು ಹೊರಟ ಮಾತು, ಅಲ್ಲಿಯ ಚಳಿ, ಮಕ್ಕಳ ಶಾಲೆ ಎಲ್ಲವನ್ನೂ ಸುತ್ತಿ, 'ಯಾವಾಗ ಬರ್ತೀಯಪ್ಪಾ?' ಎಂಬಲ್ಲಿಗೆ ಬಂದು ಸೇರುವುದು. ಸರಿಯಾಗಿ ಅಲ್ಲಿಗೇ ತಮ್ಮನ ಮುಖ ಅರೆತೆರೆದ ಬಾಯೊಡನೆ ಚಿತ್ರದಂತೆ ನಿಂತುಬಿಡುತ್ತಿತ್ತು! ಒಂದೆರಡು ನಿಮಿಷದಲ್ಲಿ ಸಂಪರ್ಕ ತಾನಾಗಿಯೇ ಮರಳುತ್ತಿತ್ತು. ಮೂರನೆಯ ದಿನ ಅಮ್ಮ ಮೆಲ್ಲಗೆ ಅಂದರು: 'ಆ ಮಾತು ಕೇಳಿದಾಗಲೇ ಕಡಿಯತ್ತಲ್ಲೋ. ಅವನೇ ಇಟ್ಟುಬಿಡ್ತಾನೇನೋ. ಇನ್ನು ಕೇಳೋದಿಲ್ಲ ಬಿಡು.'

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಕನ್ನಡ ಮೇಷ್ಟರಿಗೆ ಲೋಪಸಂಧಿ ಗೊತ್ತು. ಸಂಧಿಯೇ ಲೋಪವಾದರೆ ಮಾಡುವುದೇನು?

ಮೊದಲು ಆರೋಪ ಹೊತ್ತದ್ದು ನನ್ನಾಕೆಯ ಮೈಕ್ರೋವೇವ್ ಒಲೆ. ಅದಕ್ಕೂ ವೈಫೈಗೂ 2.4 ಗಿಗಾಹರ್ಟ್ಸಿನ ಆಸುಪಾಸಿನ ಅಲೆಗಳೇ ಬೇಕಾದ್ದರಿಂದ, ಒಂದರ ಮಾತಿಗೆ ಇನ್ನೊಂದು ಬಾಯಿ ಹಾಕುವುದುಂಟು. ಒಲೆ ಆರಿಸಿದೆವು, ಕೊಂಡಿ ಕಡಿಯಿತು. ಫೋನನ್ನು 5 ಗಿಗಾಹರ್ಟ್ಸಿಗೆ ಬದಲಾಯಿಸಿದೆ, ಆಗಲೂ ಕಡಿಯಿತು.

'ಅಪ್ಪಾ, ಕಂಡದ್ದನ್ನೆಲ್ಲ ಬದಲಾಯಿಸಬೇಡ; ಹತ್ತಿರದಿಂದ ದೂರಕ್ಕೆ ಹುಡುಕಿಕೊಂಡು ಹೋಗು' ಎಂದು ಮಗಳು ನನಗೆ 'ಪಿಂಗ್' ಕಲಿಸಿದಳು. ಮೈಕ್ ಮೂಸ್ ಎಂಬ ಅಮೆರಿಕದವರು 1983ರಲ್ಲಿ ಬರೆದ ಪುಟ್ಟ ಪ್ರೋಗ್ರಾಮು ಇದು. ಜಲಾಂತರ್ಗಾಮಿಯನ್ನು ಹುಡುಕುವವರು ನೀರಿನಲ್ಲಿ ಸದ್ದು ಹೊರಡಿಸಿ ಪ್ರತಿಧ್ವನಿಗೆ ಕಾಯುವಂತೆ, ಇದು 'ಇದ್ದೀಯಾ?' ಎಂದು ಕೂಗಿ 'ಇದ್ದೇನೆ' ಎಂಬ ಉತ್ತರಕ್ಕೆ ಕಾಯುತ್ತದೆ. ಸಂಜೆ ನನ್ನ ಕೋಣೆಯಲ್ಲಿ ಕುಳಿತು, ಒಂದು ಕಡೆ ರೂಟರನ್ನೂ ಇನ್ನೊಂದು ಕಡೆ ಹೊರಗಿನ ಒಂದು ವಿಳಾಸವನ್ನೂ ಕೂಗಿಸಿದೆ. ಹಜಾರದಲ್ಲಿ ಅಮ್ಮ 'ಹಲೋ, ಹಲೋ' ಎಂದಾಗ ರೂಟರು 'ಇದ್ದೇನೆ' ಎನ್ನುತ್ತಲೇ ಇತ್ತು. ಹೊರಗಿನಿಂದ ಮಾತ್ರ ಸದ್ದಿಲ್ಲ. ಅಂತೂ ವೈಫೈ ನಿರಪರಾಧಿ, ಮೈಕ್ರೋವೇವೂ ನಿರಪರಾಧಿ. ಹೆಂಡತಿಯ ಕ್ಷಮೆ ಬೇಡಿ, ತಪ್ಪು ಕಂಪನಿಯದೇ ಎಂಬ ಹಿಗ್ಗಿನಿಂದ ದೂರು ಕೊಟ್ಟೆ. ಹಗಲು ಬಂದ ಹುಡುಗ ಎಲ್ಲ ಸರಿಯಾಗಿದೆಯೆಂದು ಹೋದ. ಎರಡನೆಯ ಸಲವೂ ಅದೇ. 'ಸಂಜೆ ಏಳಕ್ಕೇ ಬಾರಪ್ಪ' ಎಂದು ಅಂಗಲಾಚಿದೆ.

ಪಾಪ, ಬಂದ. ಅಮ್ಮ ಮಾತಿಗೆ ಕುಳಿತರು. ಮಾತು ಹದಕ್ಕೆ ಬಂದಂತೆ ಹಾಯಾಗಿ ಕುರ್ಚಿಗೆ ಒರಗಿದರು. ರೂಟರಿನಲ್ಲಿ ಕೆಂಪು ದೀಪ ಹತ್ತಿತು! 'ಅಜ್ಜೀ, ಸ್ವಲ್ಪ ಮುಂದಕ್ಕೆ ಬನ್ನಿ' ಎಂದ ಹುಡುಗ. ದೀಪ ಆರಿತು.

ಗೋಡೆಯಗುಂಟ ಇಳಿಬಿದ್ದಿದ್ದ ಫೈಬರ್ ಕೇಬಲ್ ಕುರ್ಚಿಯ ಬೆನ್ನಿಗೆ ಸಿಕ್ಕಿ ಮಡಿಚಿಕೊಳ್ಳುತ್ತಿತ್ತು. ಅದರೊಳಗಿನ ಗಾಜಿನ ಎಳೆಯ ದಪ್ಪ ಮಿಲಿಮೀಟರಿನ ಎಂಟರಲ್ಲೊಂದು ಪಾಲು. ನೆಟ್ಟಗಿರುವಷ್ಟು ಕಾಲ ಬೆಳಕು ಅದರ ತಿರುಳಿನಲ್ಲೇ ಓಡುತ್ತದೆ. ತೀರ ಬಾಗಿದಲ್ಲಿ ಹೊರಕ್ಕೆ ಸೋರಿಹೋಗುತ್ತದೆ. ಕಡಿದೊಡನೆ ಅಮ್ಮ ಗಾಬರಿಯಿಂದ ಮುಂದೆ ಬಗ್ಗುವರು, ಎಳೆ ಸಡಿಲಗೊಳ್ಳುವುದು. ಹಗಲು ಕುರ್ಚಿ ಖಾಲಿ, ದೋಷವೂ ಇಲ್ಲ. ಅಮ್ಮ ತಮ್ಮನನ್ನು ಶಂಕಿಸಿದರು, ನಾನು ಒಲೆಯನ್ನೂ ಕಂಪನಿಯನ್ನೂ ಶಂಕಿಸಿದೆ. ಕುರ್ಚಿ ಹಾಕಿದ ಕೈಯನ್ನು ಯಾರೂ ಶಂಕಿಸಲಿಲ್ಲ.

ಹುಡುಗ ಕೇಬಲನ್ನು ಮೇಲೆತ್ತಿ ಮೊಳೆಬಡಿದು ಹೋದ. ಮರುದಿನ ಅಮ್ಮ ಚಳಿ, ಶಾಲೆ ಎಲ್ಲ ವಿಚಾರಿಸಿ ಸುಮ್ಮನಾದರು. 'ಕೇಳಮ್ಮ' ಎಂದು ನಾನೇ ಸನ್ನೆ ಮಾಡಿದೆ.

'ಯಾವಾಗ ಬರ್ತೀಯಪ್ಪಾ?'

ತಮ್ಮ ಮಾತನಾಡಲಿಲ್ಲ. ಅಭ್ಯಾಸಬಲದಿಂದ ದೀಪದ ಕಡೆ ನೋಡಿದೆ, ಹಸಿರಾಗಿಯೇ ಇತ್ತು. ಇನ್ನು ಯಂತ್ರದ ಮೇಲೆ ಹಾಕುವಂತಿಲ್ಲ. ಒಂದು ಗಳಿಗೆ ಕಳೆದು, 'ಯುಗಾದಿಗೆ ಬರೋಕೆ ನೋಡ್ತೀನಮ್ಮ' ಎಂದ.

ಅಮ್ಮ ಕುರ್ಚಿಗೆ ಒರಗಿದರು. ಏನೂ ಕಡಿಯಲಿಲ್ಲ.